ಒಳಚರಂಡಿ ಪೈಪಿಗೆ ಇಳಿಸುವ ಕ್ಯಾಮೆರಾ: ಚಿತ್ರಕ್ಕಿಂತ ಕೇಬಲ್ ಮುಖ್ಯ

30 ಮೀಟರ್ ಕೇಬಲ್, 23 ಮಿ.ಮೀ. ದಪ್ಪದ ಕ್ಯಾಮೆರಾ ತಲೆ, ದೂರ ತೋರಿಸುವ ಮೀಟರ್, ತಲೆ ಎಲ್ಲಿದೆಯೆಂದು ನೆಲದ ಮೇಲಕ್ಕೆ ಸಂಕೇತ ಕಳಿಸುವ 512 ಹರ್ಟ್ಸ್ ಟ್ರಾನ್ಸ್‌ಮಿಟರ್. ಮನೆಯ ಒಳಚರಂಡಿ ಪೈಪು ನೋಡಲು ಇಷ್ಟಿರುವ ಕ್ಯಾಮೆರಾ ಕಿಟ್ ಧಾರಾಳ ಸಾಕು. ಆದರೆ ಇದು ಪದೇ ಪದೇ ಕಟ್ಟಿಕೊಳ್ಳುವ ಪೈಪಿಗೆ. ಮೊದಲ ಸಲಕ್ಕೇ ಬೇಕಾಗುವುದಿಲ್ಲ.

ದೋಷ ಎಲ್ಲಿದೆಯೆಂದು ಅಂದಾಜು ಮಾಡಲು ಕ್ಯಾಮೆರಾ ಬೇಕಿಲ್ಲ. ಸಿಂಕ್ ಒಂದೇ ನಿಧಾನವಾದರೆ ಅದರಡಿಯ ಬಾಗಿದ ಪೈಪು (ಟ್ರ್ಯಾಪ್) ಬಿಚ್ಚಿ ನೋಡಿ. ಕಮೋಡ್ ಫ್ಲಶ್ ಮಾಡಿದಾಗ ಬಚ್ಚಲ ಜಾಲರಿಯಿಂದ ನೀರು ಉಕ್ಕಿದರೆ, ವಾಷಿಂಗ್ ಮಷೀನ್ ನೀರು ಬಿಟ್ಟಾಗ ಕಮೋಡ್ ಗುಳುಗುಳು ಎಂದರೆ ಮುಖ್ಯ ಪೈಪಿನ ಮೇಲೇ ಅನುಮಾನ. ಹೊರಗಿನ ಚೇಂಬರ್ ಮುಚ್ಚಳ ತೆಗೆದು, ಒಳಗೊಬ್ಬರು ಫ್ಲಶ್ ಮಾಡಲಿ. ಚೇಂಬರಿಗೆ ನೀರೇ ಬರದಿದ್ದರೆ ಅಡ್ಡಿ ಮನೆಗೂ ಚೇಂಬರಿಗೂ ನಡುವೆ. ಚೇಂಬರ್ ತುಂಬಿ ನಿಂತಿದ್ದರೆ ಅದರಾಚೆ. ಬಗ್ಗಿ ಇಣುಕಬೇಡಿ, ಇಳಿಯುವುದಂತೂ ಕೂಡದು. ಅಲ್ಲಿ ಸೇರುವ ವಿಷಾನಿಲ ಹೈಡ್ರೋಜನ್ ಸಲ್ಫೈಡ್ ಹೆಚ್ಚಾದಾಗ ಮೂಗಿಗೆ ಅದರ ವಾಸನೆಯೇ ಗೊತ್ತಾಗದಂತಾಗುತ್ತದೆ.

ತುಂಬಿದ ಪೈಪಿಗೆ ಕ್ಯಾಮೆರಾ ತೂರಿಸಿದರೆ ಕಾಣುವುದು ಬರೀ ಕೆಸರು. ಕಟ್ಟಿದ್ದನ್ನು ಬಿಡಿಸಿ, ನೀರು ಹರಿಸಿ, ಆಮೇಲೆ ಚೇಂಬರಿನಿಂದಲೋ ಪೈಪು ಶುಚಿಮಾಡಲೆಂದೇ ಇಟ್ಟ ಮುಚ್ಚಳದ ಬಾಯಿಂದಲೋ (ಕ್ಲೀನೌಟ್) ಇಳಿಸಿ. ಕಮೋಡ್ ಮೂಲಕ ಬೇಡ, ಒಳತಿರುವಿನಲ್ಲಿ ತಲೆ ಸಿಕ್ಕಿಕೊಳ್ಳುತ್ತದೆ. ಹಿಂದಕ್ಕೆ ನಿಧಾನವಾಗಿ ಎಳೆಯುವಾಗಲೇ ಚಿತ್ರ ನೆಟ್ಟಗೆ ಸಿಗುವುದು. ಜೋಡಣೆಯಲ್ಲಿ ಕೂದಲಿನಂತೆ ಇಳಿಬಿದ್ದ ಎಳೆಗಳು ಗಿಡದ ಬೇರು. ಲೆನ್ಸ್ ನೀರಲ್ಲಿ ಮುಳುಗಿ, ಒಂದೆರಡು ಮೀಟರ್ ಆದಮೇಲೆ ಮತ್ತೆ ಹೊರಬಂದರೆ ಪೈಪು ಅಲ್ಲಿ ಕುಸಿದಿದೆ. ಅದನ್ನು ಎಷ್ಟು ತೊಳೆದರೂ ಮತ್ತೆ ಕಟ್ಟುತ್ತದೆ, ಅಗೆದು ಇಳಿಜಾರು ಸರಿಮಾಡಬೇಕು. ಹಾಗೆಂದು ತೀರ್ಮಾನಿಸುವ ಮುನ್ನ ಮುಂದೆಲ್ಲೂ ಅಡ್ಡಿ ಉಳಿದಿಲ್ಲವೆಂದು ಖಚಿತಪಡಿಸಿಕೊಳ್ಳಿ. ಅಡ್ಡಿಯಿದ್ದರೂ ನೀರು ಹೀಗೇ ನಿಲ್ಲುತ್ತದೆ.

ಕೊಳ್ಳುವಾಗ ಚಿತ್ರದ ಸ್ಪಷ್ಟತೆಗೆ ಮರುಳಾಗಬೇಡಿ. ಬಿರುಕು, ಬೇರು ಕಾಣಲು ಸಾಧಾರಣ ಚಿತ್ರವೇ ಸಾಕು. ಕೇಬಲ್ ಮಾತ್ರ ಫೈಬರ್‌ಗ್ಲಾಸ್‌ನದಾಗಿದ್ದು ಬಿಗಿಯಾಗಿರಬೇಕು. ಮೊಬೈಲಿಗೆ ಸಿಕ್ಕಿಸುವ ಮೆತ್ತಗಿನ ತಂತಿಯ ಕ್ಯಾಮೆರಾ ಮೊದಲ ತಿರುವಿನಲ್ಲೇ ಸುರುಳಿಯಾಗುತ್ತದೆ, ಮುಖ್ಯ ಪೈಪಿಗೆ ಅದು ದಂಡ.

ಈ ಕಿಟ್‌ಗಳ ದೊಡ್ಡ ಕೊರತೆ ರಿಸೀವರ್. ತಲೆಯಲ್ಲಿ ಟ್ರಾನ್ಸ್‌ಮಿಟರ್ ಇದ್ದರೂ, ನೆಲದ ಮೇಲಿಂದ ಅದನ್ನು ಹಿಡಿಯುವ ರಿಸೀವರನ್ನು ಎಷ್ಟೋ ಕಡೆ ಬೇರೆಯಾಗಿ ಕೊಳ್ಳಬೇಕು. ಅದಿಲ್ಲದೆ ಮೀಟರ್ ಒಂದನ್ನೇ ನಂಬಿ ಅಗೆಯಬೇಡಿ: ಕೇಬಲ್ ಜಿಡ್ಡಾದರೆ ಮೀಟರಿನ ಚಕ್ರ ಜಾರಿ ದೂರ ತಪ್ಪುತ್ತದೆ, ಆಳವಂತೂ ತಿಳಿಯುವುದೇ ಇಲ್ಲ. ಕೇಬಲ್ ಸುತ್ತಿಕೊಳ್ಳುತ್ತಲೇ ಒದ್ದೆ ಬಟ್ಟೆಯಿಂದ ಒರೆಸುತ್ತ ಬನ್ನಿ.