ವಿಡಂಬನೆ ಹಂಚೋದಕ್ಕೆ ವಾಟ್ಸ್ಆ್ಯಪ್: ಬೆಳಗಾವಿ ಗ್ರೂಪುಗಳ ಮಟ್ಟಿಗೆ ಒಂದು ವಿಮರ್ಶೆ

ಬೆಳಗಾವಿಯಲ್ಲಿ ಯಾರನ್ನಾದರೂ "ಭಾಳ ಶಾಣ್ಯಾ ಅದಾನ ಬಿಡ್ರಿ" ಅಂದರೆ ಅದು ಹೊಗಳಿಕೆಯೋ ಚುಚ್ಚುಮಾತೋ ಅನ್ನೋದು 'ಭಾಳ' ಎಳೆದ ರೀತಿಯಲ್ಲೇ ಗೊತ್ತಾಗುತ್ತದೆ. ಅದೇ ಮಾತನ್ನು ವಾಟ್ಸ್ಆ್ಯಪ್‌ನಲ್ಲಿ ಟೈಪ್ ಮಾಡಿ ಮೈಸೂರಿನವರಿಗೆ ಕಳಿಸಿ. ಅವರು ಮೆಚ್ಚುಗೆ ಅಂತಲೇ ಓದಬಹುದು. ಅದನ್ನು ಓದುಗರ ದಡ್ಡತನ ಅನ್ನೋದು ಅನ್ಯಾಯ.

ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ನಡೆದಿದೆ ಅಂದುಕೊಳ್ಳಿ. ಪತ್ರಿಕೆಯ ಸುದ್ದಿಯಂತೆಯೇ ಕಾಣುವ ಒಂದು ಕಾರ್ಡು: "224 ಶಾಸಕರಿಗೆ ತಲಾ 2 ಕೆ.ಜಿ. ಕುಂದಾ." ಇದು ನಂಬುವಂಥ ಸುದ್ದಿ. ಅಕ್ಷರಶೈಲಿ, ದಿನಾಂಕ, ಗ್ರಾಂಥಿಕ ಭಾಷೆ ಎಲ್ಲ ಅಸಲಿಯಂತೆ ಮಾಡಿ, 'ವಿಡಂಬನೆ' ಅನ್ನೋ ಪದವನ್ನು ಮಾತ್ರ ಕೆಳಗಿನ ಮೂಲೆಯಲ್ಲಿ ಬೂದು ಬಣ್ಣದಲ್ಲಿ ಹಾಕಿದರೆ ತಪ್ಪು ಬರೆದವರದ್ದೇ. ಉದ್ದನೆಯ ಚಿತ್ರವನ್ನು ಆ್ಯಪ್ ಚಾಟ್‌ನಲ್ಲಿ ಮೇಲೆ ಕೆಳಗೆ ಕತ್ತರಿಸಿ ತೋರಿಸುತ್ತದೆ. ಒತ್ತಿ ತೆರೆಯದ ಹೊರತು ಆ ಮೂಲೆ ಕಾಣುವುದಿಲ್ಲ. ಪದ ತಲೆಬರಹದ ಸಾಲಿನಲ್ಲೇ ಇರಲಿ, ಅದರಷ್ಟೇ ದಪ್ಪ ಅಕ್ಷರದಲ್ಲಿ. ತಲಾ 2 ಕೆ.ಜಿ. ಬದಲು 2 ಕ್ವಿಂಟಲ್ ಅಂತ ಬರೆದರಂತೂ ಚಿತ್ರ ಎಲ್ಲಿ ತುಂಡಾದರೂ ಅಂಕಿಯೇ ಕೂಗಿ ಹೇಳುತ್ತದೆ. ಎಚ್ಚರಿಕೆಯನ್ನು ಚಿತ್ರದ ಕೆಳಗಿನ ಬರಹದಲ್ಲಿ ಮಾತ್ರ ಇಟ್ಟರೆ ಸಾಲದು. ಮುಂದೆ ಕಳಿಸುವವರು ಅದನ್ನು ತೆಗೆದುಹಾಕಬಹುದು.

'ಫಾರ್ವರ್ಡ್' ಚೀಟಿ 2018ರಲ್ಲಿ ಬಂತು. ಅದೇ ವರ್ಷ ಭಾರತದಲ್ಲಿ ಒಂದು ಸಂದೇಶವನ್ನು ಒಂದು ಸಲಕ್ಕೆ ಐದೇ ಚಾಟ್‌ಗೆ ಕಳಿಸುವ ಮಿತಿ ಹಾಕಿದರು. ಬಹಳ ಸಲ ಕೈ ಬದಲಿಸಿದ್ದಕ್ಕೆ ಈಗ ಜೋಡಿ ಬಾಣದ ಗುರುತು ಬರುತ್ತದೆ, 2020ರಿಂದ ಅಂಥದ್ದನ್ನು ಒಂದು ಸಲಕ್ಕೆ ಒಂದೇ ಚಾಟ್‌ಗೆ ಕಳಿಸಬಹುದು. ವೇಗ ತಗ್ಗಿಸಲು ಇದು ಒಳ್ಳೆಯ ಏರ್ಪಾಡು. ಆದರೆ ಸ್ಕ್ರೀನ್‌ಶಾಟ್ ತೆಗೆದು ಗ್ಯಾಲರಿಯಿಂದ ಕಳಿಸಿದರೆ ಚೀಟಿಯೂ ಇಲ್ಲ, ಬಾಣವೂ ಇಲ್ಲ. ಹೊಸ ಸುದ್ದಿಯಂತೆ ಹೊರಡುತ್ತದೆ. ಮೂಲ ಎಲ್ಲಿಯದು ಅಂತ ಚೀಟಿಯಾಗಲಿ ಬಾಣವಾಗಲಿ ತಿಳಿಸುವುದಿಲ್ಲ. ದೊಡ್ಡ ಕೊರತೆ ಇದೇ.

'ಕೊರವಂಜಿ' ಮಾಸಿಕ 1942ರಲ್ಲಿ ಶುರುವಾದಾಗ ಈ ತೊಡಕು ಇರಲಿಲ್ಲ. ಮುಖಪುಟವೇ ಇದು ಹಾಸ್ಯಪತ್ರಿಕೆ ಅಂತ ಸಾರುತ್ತಿತ್ತು. ಇಂಗ್ಲೆಂಡಿನಲ್ಲಿ ಡೇನಿಯಲ್ ಡೆಫೊ 1702ರಲ್ಲಿ ಹೆಸರಿಲ್ಲದೆ ಒಂದು ವಿಡಂಬನೆಯ ಕಿರುಹೊತ್ತಗೆ ಅಚ್ಚು ಹಾಕಿಸಿದ. ಯಾರನ್ನು ಗೇಲಿ ಮಾಡಿದ್ದನೋ ಅವರಲ್ಲೇ ಕೆಲವರು ಅದನ್ನು ನಿಜವೆಂದು ಮೆಚ್ಚಿದರು. ಮರುವರ್ಷ ಅವನನ್ನು ಬಜಾರದಲ್ಲಿ ಕಂಬಕ್ಕೆ ಸಿಕ್ಕಿಸಿ ನಿಲ್ಲಿಸಿದರು. ಹೊದಿಕೆ ಇಲ್ಲದ ಬರಹಕ್ಕೆ ಬಂದ ಕಷ್ಟ ಅದು.

ಓದುಗರದ್ದೇ ತಪ್ಪು ಅನ್ನಬಹುದಾದ ಸಂದರ್ಭವೂ ಉಂಟು. 2012ರಲ್ಲಿ ಚೀನಾದ ಪೀಪಲ್ಸ್ ಡೈಲಿಯ ಜಾಲತಾಣ, ಅಮೆರಿಕದ ವಿಡಂಬನೆ ಪತ್ರಿಕೆ 'ದಿ ಆನಿಯನ್' ಬರೆದ ಕಿಮ್ ಜೊಂಗ್ ಉನ್ ಸೌಂದರ್ಯದ ವಿಡಂಬನೆಯನ್ನು ನಿಜವೆಂದು ತಿಳಿದು 55 ಚಿತ್ರಗಳ ಜೊತೆ ಪ್ರಕಟಿಸಿತು. ಅಲ್ಲಿ ಮೂಲ ಯಾವುದೆಂದು ತಿಳಿದಿತ್ತು, ಸಮಯವಿತ್ತು, ಸಂಪಾದಕರಿದ್ದರು. ನಮ್ಮ ಗ್ರೂಪುಗಳಲ್ಲೂ ಚಿತ್ರ ತೆರೆಯದೆ, ತಲೆಬರಹವಷ್ಟೇ ನೋಡಿ ಮುಂದೆ ತಳ್ಳುವವರಿಗೆ ಇದೇ ಮಾತು ಅನ್ವಯಿಸುತ್ತದೆ.

ಐದಕ್ಕೆ ಎರಡು ಅಂಕ. ಆ ಎರಡೂ ಬಹುಪಾಲು ಧ್ವನಿ ಸಂದೇಶಕ್ಕೆ. ಉತ್ತರ ಕರ್ನಾಟಕದ ವಿಡಂಬನೆಗೆ ಇದರಷ್ಟು ಒಗ್ಗುವ ಸೌಲಭ್ಯ ಆ್ಯಪ್‌ನಲ್ಲಿ ಬೇರೊಂದಿಲ್ಲ. ಅರ್ಧ ನಿಮಿಷ ಸಾಕು, 'ಬಿಡ್ರಿ' ತನ್ನ ದನಿಯ ಸಮೇತ ಹೋಗಿ ಮುಟ್ಟುತ್ತದೆ. ಕೇಳುವವರು ಮಾತ್ರ ಅದನ್ನು 2ಎಕ್ಸ್ ವೇಗದಲ್ಲಿ ಓಡಿಸಬಾರದು. 'ಭಾಳ' ಎಳೆದದ್ದು ಅಲ್ಲಿ ಅರ್ಧಕ್ಕೆ ಕುಗ್ಗಿಹೋಗುತ್ತದೆ.