ಗೋಸ್ ಮತ್ತು ಇರಿಡಿಯಂ: ಒಂದೇ ಹೊಳೆ, ಎರಡು ಆಂಟೆನಾ

ಕೆನಡಾದ ಯೂಕಾನ್‌ನಲ್ಲಿ ಹೊಳೆಗಳ ನೀರು ಅಳೆಯುವುದು ನನ್ನ ಕೆಲಸ. ಹೆಲಿಕಾಪ್ಟರ್ ಬಿಟ್ಟರೆ ಬೇರೆ ದಾರಿಯಿಲ್ಲದ ಒಂದು ಜಾಗದಲ್ಲಿ, ಒಂದೇ ಪೆಟ್ಟಿಗೆಗೆ ಎರಡು ಆಂಟೆನಾ ಕಟ್ಟಿ ಇಡೀ ಚಳಿಗಾಲ ನೋಡಿದೆ. ಅಳತೆಯನ್ನು ಆಫೀಸಿಗೆ ಕಳಿಸಲು ಒಂದು ಗೋಸ್‌ಗೆ, ಅಂದರೆ ಅಮೆರಿಕದ ಹವಾಮಾನ ಉಪಗ್ರಹಕ್ಕೆ, ಇನ್ನೊಂದು ಇರಿಡಿಯಂಗೆ, ಅಂದರೆ ಸ್ಯಾಟಲೈಟ್ ಫೋನಿನ ಉಪಗ್ರಹಗಳ ಜಾಲಕ್ಕೆ. ಅಳೆಯುವ ಸಾಧನ ಎರಡಕ್ಕೂ ಒಂದೇ. ಸಿಲಿಂಡರ್‌ನಿಂದ ನೈಟ್ರೋಜನ್ ಸಣ್ಣ ಪೈಪಿನಲ್ಲಿ ಹೊಳೆಯ ತಳಕ್ಕೆ ಹೋಗಿ ಗುಳ್ಳೆಗುಳ್ಳೆಯಾಗಿ ಹೊರಬರುತ್ತದೆ. ಗುಳ್ಳೆ ಬರಲು ಎಷ್ಟು ಒತ್ತಡ ಬೇಕಾಯಿತು ಅನ್ನುವುದರ ಮೇಲೆ ನೀರಿನ ಮಟ್ಟದ ಲೆಕ್ಕ.

ನಾನು ಹಾಸನದವನು. ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ದೊಡ್ಡ ದೊಡ್ಡ ಆಂಟೆನಾಗಳನ್ನು ನೋಡಿಕೊಂಡೇ ಬೆಳೆದೆ. ಡಿಶ್ ಅಂದರೆ ಆಕಾಶಕ್ಕೆ ಮುಖ ಎತ್ತಿರಬೇಕು ಅಂತಲೇ ತಲೆಯಲ್ಲಿತ್ತು. ಇಲ್ಲಿ ಹಾಗಲ್ಲ. ಗೋಸ್ ಇರುವುದು ಭೂಮಧ್ಯರೇಖೆಯ ಮೇಲೆ, ಸುಮಾರು 36,000 ಕಿ.ಮೀ. ಎತ್ತರದಲ್ಲಿ. ಯೂಕಾನ್‌ನ ರಾಜಧಾನಿ ವೈಟ್‌ಹಾರ್ಸ್‌ನಿಂದ ನೋಡಿದರೆ ದಿಗಂತದಿಂದ 21 ಡಿಗ್ರಿ ಮೇಲೆ, ಅಷ್ಟೇ. ಇನ್ನೂ ಉತ್ತರಕ್ಕೆ ಇನುವಿಕ್‌ಗೆ ಹೋದರೆ 13 ಡಿಗ್ರಿ. ದಕ್ಷಿಣಕ್ಕೆ ಒಂದು ಗುಡ್ಡ ಅಡ್ಡ ಬಂತೋ, ಕಥೆ ಮುಗಿಯಿತು.

ಮೊದಲ ಸಲ ಆಂಟೆನಾ ತಿರುಗಿಸಿದಾಗ ನಾನೇ ಎಡವಟ್ಟು ಮಾಡಿದೆ. ಯೂಕಾನ್‌ನಲ್ಲಿ ದಿಕ್ಸೂಚಿಯ ಮುಳ್ಳು ನಿಜವಾದ ಉತ್ತರಕ್ಕಿಂತ ಸುಮಾರು 20 ಡಿಗ್ರಿ ಪೂರ್ವಕ್ಕೆ ವಾಲುತ್ತದೆ. ಅದನ್ನು ಮರೆತು ಮುಳ್ಳು ತೋರಿಸಿದ ದಕ್ಷಿಣಕ್ಕೇ ಬೋಲ್ಟ್ ಬಿಗಿದೆ. ಡೇಟಾ ಬಂತು, ಆದರೆ ಸಿಗ್ನಲ್ ತೀರಾ ಬಡಕಲು. ಅರ್ಧ ತಿರುವಿನ ಬೋಲ್ಟ್‌ಗಾಗಿ ಮತ್ತೊಮ್ಮೆ ಹೆಲಿಕಾಪ್ಟರ್ ಹತ್ತಬೇಕಾಯಿತು.

ಇರಿಡಿಯಂಗೆ ಈ ತಲೆನೋವೇ ಇಲ್ಲ. 66 ಉಪಗ್ರಹಗಳು, 780 ಕಿ.ಮೀ. ಎತ್ತರ, ಎಲ್ಲವೂ ಧ್ರುವಗಳ ಹತ್ತಿರ ಹಾದುಹೋಗುತ್ತವೆ. ಹಾಗಾಗಿ ಉತ್ತರಕ್ಕೆ ಹೋದಷ್ಟೂ ತಲೆಯ ಮೇಲೆ ಉಪಗ್ರಹ ಜಾಸ್ತಿ. ಅಂಗೈಯಗಲದ ಆಂಟೆನಾವನ್ನು ಕಂಬದ ತುದಿಗೆ ಸಿಕ್ಕಿಸಿದರೆ ಆಯ್ತು. ಇಕ್ಕಟ್ಟಾದ ಕಣಿವೆಯಾದರೆ ನಾನು ಯೋಚನೆಯೇ ಮಾಡದೆ ಇದನ್ನೇ ಹಾಕುತ್ತೇನೆ.

ದುಡ್ಡಿನ ವಿಷಯ ಬೇರೆ. ಒಪ್ಪಿಗೆ ಸಿಕ್ಕ ಸರ್ಕಾರಿ ಕೇಂದ್ರಗಳಿಗೆ ಗೋಸ್ ಬಿಟ್ಟಿ. ಇರಿಡಿಯಂಗೆ ಬೈಟ್ ಲೆಕ್ಕದಲ್ಲಿ ಬಿಲ್. ನಾನು ಬುದ್ಧಿವಂತನ ಹಾಗೆ ಪ್ರತಿ ಸಂದೇಶಕ್ಕೂ ಕೇಂದ್ರದ ಹೆಸರು, ಅಳತೆಯ ಹೆಸರು ಎಲ್ಲ ಅಂಟಿಸಿ ಕಳಿಸಿದ್ದೆ. ಮೊದಲ ತಿಂಗಳ ಬಿಲ್ ನೋಡಿದ ಮೇಲೆ ಬರೀ ಅಂಕಿಗಳನ್ನು ಒತ್ತಿ ತುಂಬುವುದು ಕಲಿತೆ.

ಇಷ್ಟೆಲ್ಲ ಬೇಸಿಗೆಯ ಮಾತು. ನಿಜವಾದ ಪರೀಕ್ಷೆ ಬ್ಯಾಟರಿಯದು. ಡಿಸೆಂಬರ್‌ನಲ್ಲಿ ಇಲ್ಲಿ ಹಗಲು ಐದೂವರೆ ಗಂಟೆ. ನಮ್ಮ ಹೊಳೆಗೆ ಅದರಲ್ಲೂ ಗುಡ್ಡದ ನೆರಳು. ಸೋಲಾರ್ ಪ್ಯಾನೆಲ್ಲನ್ನು ಗೋಡೆಯ ಹಾಗೆ ನೆಟ್ಟಗೆ ನಿಲ್ಲಿಸುತ್ತೇವೆ, ಹಿಮ ಕೂರಬಾರದು, ಕೆಳಗಿನ ಸೂರ್ಯನೂ ಸಿಗಬೇಕು ಅಂತ. ಮೈನಸ್ 40ರಲ್ಲಿ ಬ್ಯಾಟರಿಯ ಕಸುವು ಅರ್ಧಕ್ಕಿಂತ ಕೆಳಗೆ. ತುಂಬಿದ ಬ್ಯಾಟರಿ ಹೇಗೋ ತಡೆದುಕೊಳ್ಳುತ್ತದೆ. ಖಾಲಿಯಾದರೆ ಒಳಗಿನ ಆಸಿಡ್ ನೀರಾಗುತ್ತಾ ಬಂದು ಹೆಪ್ಪುಗಟ್ಟುತ್ತದೆ, ಡಬ್ಬಿ ಒಡೆಯುತ್ತದೆ.

ಇಲ್ಲಿ ಗೋಸ್ ಗೆದ್ದಿತು. ಪ್ರತಿ ಕೇಂದ್ರಕ್ಕೂ ಗಂಟೆಗೊಮ್ಮೆ ಅದರದೇ ಸರದಿ, ನಮ್ಮದು 10 ಸೆಕೆಂಡ್. ಸರದಿ ತಪ್ಪಿ ಪಕ್ಕದವರ ಮೇಲೆ ಕೂಗದಂತೆ ಜಿಪಿಎಸ್ ಗಡಿಯಾರವನ್ನು ಸರಿಮಾಡುತ್ತಿರುತ್ತದೆ. ಎದ್ದಿತು, ಹೇಳಿತು, ಮಲಗಿತು. ಇರಿಡಿಯಂ ಮೋಡೆಮ್ ಉಪಗ್ರಹವನ್ನು ಹುಡುಕಬೇಕು, ಮುಟ್ಟಿತು ಅಂತ ಉತ್ತರ ಬರುವ ತನಕ ಕಾಯಬೇಕು, ಬರದಿದ್ದರೆ ಮತ್ತೆ ಪ್ರಯತ್ನ. ಎಷ್ಟು ಸಲ ಅನ್ನುವುದಕ್ಕೆ ನಾನು ಮಿತಿ ಹಾಕಿರಲಿಲ್ಲ. ಆಂಟೆನಾ ಮೇಲೆ ಹಸಿ ಹಿಮ ಕೂತ ಒಂದು ವಾರದಲ್ಲಿ 12.6 ಇದ್ದ ವೋಲ್ಟ್ 11.9ಕ್ಕೆ ಇಳಿಯಿತು. ಅದನ್ನು ತಿಳಿಸಿದ್ದು ಪಕ್ಕದಲ್ಲಿದ್ದ ಗೋಸ್!

ಆದರೆ ಗೋಸ್‌ಗೆ ಬಾಯಿ ಇದೆ, ಕಿವಿ ಇಲ್ಲ: ಪೆಟ್ಟಿಗೆಯ ಮಾತು ನಮಗೆ ಬರುತ್ತದೆ, ನಮ್ಮ ಮಾತು ಅದಕ್ಕೆ ಹೋಗುವುದಿಲ್ಲ. ಇದು ಗೊತ್ತಾಗುವುದು ಮೇ ತಿಂಗಳಲ್ಲಿ, ಹೊಳೆಯ ಐಸ್ ಒಡೆಯುವಾಗ. ತುಂಡುಗಳು ತಿರುವಿನಲ್ಲಿ ಸಿಕ್ಕಿಕೊಂಡು ಅಣೆಕಟ್ಟಿನ ಹಾಗೆ ಕೂತರೆ ಹಿಂದೆ ನೀರು ನಿಮಿಷಗಳಲ್ಲಿ ಏರುತ್ತದೆ. (ಡಾಸನ್ ಊರಿನವರು 1896ರಿಂದ ಯೂಕಾನ್ ನದಿಯ ಐಸ್ ಯಾವಾಗ ಹೊರಡುತ್ತದೆ ಅಂತ ಬಾಜಿ ಕಟ್ಟುತ್ತಿದ್ದಾರೆ. ಐಸ್ ಮೇಲೆ ಮೂರು ಕಾಲಿನ ಕಂಬ, ಅಲ್ಲಿಂದ ದಡದ ಗಡಿಯಾರಕ್ಕೆ ತಂತಿ. ಐಸ್ ಜರುಗಿದರೆ ಗಡಿಯಾರ ನಿಲ್ಲುತ್ತದೆ. ನಮ್ಮ ಪೆಟ್ಟಿಗೆಗಿಂತ ಸಲೀಸು, ಅಲ್ವಾ?) ಅವತ್ತು ನಾನು ಆಫೀಸಿನಲ್ಲಿ ಕೂತೇ ಇರಿಡಿಯಂಗೆ ಒಂದು ಸಂದೇಶ ಕಳಿಸಿದೆ, ಇನ್ನು ಐದು ನಿಮಿಷಕ್ಕೊಮ್ಮೆ ಹೇಳು ಅಂತ. ನೀರು ಏರಿದ್ದು, ತಡೆ ಒಡೆದು ದಬಕ್ಕನೆ ಇಳಿದಿದ್ದು, ಎಲ್ಲ ಆದ ಕೂಡಲೇ ಕಂಡಿತು. ಗೋಸ್ ಪಾಡಿಗೆ ಗೋಸ್ ತನ್ನ ಗಂಟೆ ಬರಲಿ ಅಂತ ಕಾಯುತ್ತಿತ್ತು. ಮಟ್ಟ ಇಷ್ಟು ಮೀರಿದರೆ ಸರದಿ ಬಿಟ್ಟು ಕೂಗು ಅಂತ ಅದಕ್ಕೂ ಹೇಳಿಡಬಹುದು, ಆದರೆ ಮೊದಲೇ, ಅಲ್ಲೇ ಹೋಗಿ ಹೇಳಿಡಬೇಕು.

ಆರ್ಗೋಸ್ ಅಂತ ಮೂರನೆಯ ಉಪಗ್ರಹ ವ್ಯವಸ್ಥೆಯೂ ಇದೆ, ಒಂದೇ ಬೇಸಿಗೆ ಬಳಸಿದ್ದೆ. ಒಂದು ಸಂದೇಶಕ್ಕೆ 30 ಚಿಲ್ಲರೆ ಬೈಟ್, ಉಪಗ್ರಹ ಹಾದುಹೋದಾಗ ಸಿಕ್ಕರೆ ಸಿಕ್ಕಿತು. ಸಮುದ್ರದಲ್ಲಿ ತೇಲಿಬಿಡುವ ಅಳತೆಯ ಬೋಯೆಗೆ, ಹಕ್ಕಿಯ ಬೆನ್ನಿಗೆ ಚೆನ್ನ. ಹೊಳೆಗೆ ನನಗೆ ಹಿಡಿಸಲಿಲ್ಲ.

ಇನ್ನೊಂದು ಮಾತು. ನವೆಂಬರ್‌ನಲ್ಲಿ ಎರಡೂ ಆಂಟೆನಾ ಒಕ್ಕೊರಲಿನಿಂದ ನೀರು ಏರಿದೆ ಅಂದವು. ಮಟ್ಟವೇನೋ ಏರಿತ್ತು, ಹರಿವು ಏರಿರಲಿಲ್ಲ. ಐಸ್ ಕಟ್ಟಿ ನೀರು ಹಿಂದಕ್ಕೆ ಒತ್ತಿಕೊಂಡಿತ್ತು. ಎಷ್ಟು ಹರಿಯುತ್ತಿದೆ ಅಂತ ತಿಳಿಯಲು ಐಸ್‌ನಲ್ಲಿ ಸಾಲಾಗಿ ತೂತು ಕೊರೆದು, ಮೀಟರ್ ಇಳಿಸಿ, ನಾವೇ ಅಳೆಯಬೇಕು. ಅದಕ್ಕೆ ಯಾವ ಉಪಗ್ರಹವೂ ಬರುವುದಿಲ್ಲ.

ಒಂದನ್ನೇ ಆರಿಸು ಅಂದರೆ, ದಕ್ಷಿಣ ಬಯಲಾಗಿದ್ದರೆ ನನ್ನ ಓಟು ಗೋಸ್‌ಗೆ. ಸದ್ಯಕ್ಕೆ ಎರಡನ್ನೂ ಬಿಟ್ಟಿದ್ದೇವೆ. ಗೋಸ್ ಗಂಟೆಗೊಮ್ಮೆ ಎಲ್ಲ ಅಳತೆ ಕಳಿಸುತ್ತದೆ. ಇರಿಡಿಯಂ ಚಳಿಗಾಲದಲ್ಲಿ ದಿನಕ್ಕೊಮ್ಮೆ ಎದ್ದು, ಮೂರೇ ಸಲ ಪ್ರಯತ್ನಿಸಿ, ನನ್ನಿಂದ ಏನಾದರೂ ಬಂದಿದೆಯಾ ಅಂತ ನೋಡಿ ಮಲಗುತ್ತದೆ. ಏಪ್ರಿಲ್ ಕೊನೆಯ ವಾರದಲ್ಲಿ ಅದನ್ನು ಎಬ್ಬಿಸಿ ಕೂರಿಸುತ್ತೇನೆ.