ಹೊಳೆಗೆ ಸೇತುವೆ: ಕೊಡಗಿಗೆ ಯಾವ ವಿಧಾನ ಒಗ್ಗುತ್ತದೆ?

ಕೊಡಗಿನಲ್ಲಿ ಸೇತುವೆಯ ಲೆಕ್ಕ ಶುರುವಾಗುವುದೇ ಮಳೆಯಿಂದ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾವೇರಿಗೆ ಇಳಿದು ಕೆಲಸ ಮಾಡುವ ಮಾತೇ ಇಲ್ಲ. ಯಾವ ವಿಧಾನ ಆರಿಸಿದರೂ ಪಾಯ ಮತ್ತು ಕಂಬ ಬೇಸಿಗೆಯಲ್ಲೇ ಮುಗಿಯಬೇಕು. ವ್ಯತ್ಯಾಸವಿರುವುದು ಮೇಲಿನ ಕೆಲಸದಲ್ಲಿ.

ಹಳೆಯ ರೀತಿ ಗೊತ್ತಲ್ವಾ, ಹೊಳೆಯಲ್ಲೇ ಸೆಂಟ್ರಿಂಗ್ ನಿಲ್ಲಿಸಿ ಕಾಂಕ್ರೀಟ್ ಹಾಕುವುದು. ಸಲಕರಣೆಯ ಖರ್ಚು ಕಡಿಮೆ. ಆದರೆ ಮಳೆ ಬೇಗ ಹಿಡಿದರೆ, ತೇಲಿ ಬಂದ ಒಂದು ಮರದ ದಿಮ್ಮಿ ಸಾಕು, ಆಸರೆಗಳೆಲ್ಲ ವಾಲುತ್ತವೆ.

ಪ್ರೀಕಾಸ್ಟ್ ಗರ್ಡರ್‌ಗೆ, ಅಂದರೆ ಮೊದಲೇ ಎರಕ ಹೊಯ್ದ ಕಾಂಕ್ರೀಟ್ ತೊಲೆಗೆ, ಆ ಭಯವಿಲ್ಲ. ಗರ್ಡರ್ ಎರಕ ಹೊಯ್ದು, ಒಳಗಿನ ಉಕ್ಕಿನ ಕೇಬಲ್ ಬಿಗಿದು, ಕ್ರೇನ್‌ನಿಂದ ಎತ್ತಿ ಕಂಬಗಳ ಮೇಲೆ ಕೂರಿಸುತ್ತಾರೆ. ಕಂಬಗಳ ನಡುವೆ 25-30 ಮೀಟರ್ ಇದ್ದರೆ ಇದು ಚೆನ್ನಾಗಿ ಹೊಂದುತ್ತದೆ. ಬೇರೆಲ್ಲೋ ಮಾಡಿ ಲಾರಿಯಲ್ಲಿ ತರುತ್ತೇವೆ ಅಂದರೆ ಮಾತ್ರ ಸುಮ್ನೆ ತಲೆಯಾಡಿಸಬೇಡಿ. ಮರ ತುಂಬಿದ ಲಾರಿಯೇ ನಮ್ಮ ತಿರುವುಗಳಲ್ಲಿ ಎರಡು ಸಲ ರಿವರ್ಸ್ ತೆಗೆದುಕೊಳ್ಳುತ್ತದೆ! ದಡದಲ್ಲೇ ಎರಕ ಹೊಯ್ಯಲಿ. ಕೊಯ್ಲಾದ ಗದ್ದೆ ಸಿಕ್ಕರೆ ಜಾಗವೂ ಆಯಿತು.

ಸೇತುವೆಯನ್ನು ದಡದಲ್ಲಿ ತುಂಡು ತುಂಡಾಗಿ ಕಟ್ಟುತ್ತಾ ಜ್ಯಾಕ್‌ನಿಂದ ಮುಂದಕ್ಕೆ ದಬ್ಬುವ ವಿಧಾನವೂ ಇದೆ. 1960ರ ದಶಕದ ಮೊದಲಲ್ಲಿ ವೆನೆಜುವೆಲಾದ ಕರೋನಿ ನದಿಗೆ ಹೀಗೇ ಕಟ್ಟಿದರು. ನೇರ, ಉದ್ದನೆಯ ಸೇತುವೆಗಳಿಗೆ ಸರಿ. ನಮ್ಮ ಸಣ್ಣ ಹೊಳೆಗಳಿಗೆ ದುಬಾರಿ.

ಆಳವಾದ ಕಣಿವೆಯಾದರೆ ಕ್ಯಾಂಟಿಲಿವರ್: ಕಂಬದಿಂದ ಎರಡೂ ಕಡೆಗೆ ತಕ್ಕಡಿಯಂತೆ ತೂಕ ಸರಿದೂಗಿಸುತ್ತಾ, ಒಂದೊಂದು ಸಲಕ್ಕೆ 3ರಿಂದ 5 ಮೀಟರ್ ಬೆಳೆಸುವುದು. ಕೆಳಗೆ ಹೊಳೆ ತುಂಬಿ ಹರಿಯುತ್ತಿದ್ದರೂ ಕೆಲಸ ನಿಲ್ಲಬೇಕಿಲ್ಲ. ನುರಿತವರೇ ಬೇಕು, ಖರ್ಚೂ ಜಾಸ್ತಿ.

ತೋಟದ ಊರುಗಳ ಸಾಮಾನ್ಯ ಹೊಳೆಗೆ ನನ್ನ ಓಟು ದಡದಲ್ಲೇ ಎರಕ ಹೊಯ್ದ ಗರ್ಡರ್‌ಗೆ.